ನಾನು ನಿಂತೇ ನೋಡಿದ ಕೊರಿಯನ್ ಸೀರಿಯಲ್

ನಮ್ಮತ್ತೆಗೆ ನಗು ಬರುತ್ತದೆ ಅನ್ನುವುದನ್ನೇ ನಾನು ಮರೆತುಬಿಟ್ಟಿದ್ದೆ. ಹೋದ ವರ್ಷ ಒಂದು ಮಧ್ಯಾಹ್ನ ಹುಳಿಗೆ ಒಗ್ಗರಣೆ ಹಾಕುತ್ತಿದ್ದಾಗ ಹಾಲ್‌ನಿಂದ ಜೋರಾಗಿ ನಗುವ ಸದ್ದು ಕೇಳಿತು. ಯಾರೋ ನೆಂಟರು ಬಂದರೇನೋ ಅಂದುಕೊಂಡು ಸೌಟು ಹಿಡಿದೇ ಬಾಗಿಲಿಗೆ ಬಂದೆ. ನೆಂಟರೂ ಇಲ್ಲ, ಪಕ್ಕದ ಮನೆಯವರೂ ಇಲ್ಲ. ಸೋಫಾದ ಮೇಲೆ ಅತ್ತೆ, ಅವರ ಭುಜಕ್ಕೆ ಒತ್ತಿಕೊಂಡು ನನ್ನ ಓರಗಿತ್ತಿ. ಎದುರಿಗೆ ಟಿವಿಯಲ್ಲಿ ಕೊರಿಯಾದ ಒಬ್ಬ ಮುದುಕಿ ಇನ್ನೊಬ್ಬ ಮುದುಕಿಗೆ ಎಲೆಕೋಸಿನಿಂದ ಬಾರಿಸುತ್ತಿದ್ದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು.

ನಾನು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಅಷ್ಟು ವರ್ಷದಲ್ಲಿ ನನ್ನ ಯಾವ ಮಾತಿಗೂ ಅವರು ಹಾಗೆ ನಕ್ಕಿದ್ದಿಲ್ಲ. ಒಗ್ಗರಣೆಯ ಸಾಸಿವೆ ಬಾಣಲೆಯಲ್ಲಿ ಸಿಡಿಯಿತೋ ನನ್ನ ಹೊಟ್ಟೆಯಲ್ಲಿ ಸಿಡಿಯಿತೋ ಗೊತ್ತಾಗಲಿಲ್ಲ. ಒಟ್ಟಿನಲ್ಲಿ ಹುಳಿ ಸೀದುಹೋಯಿತು.

"ಬರ್ರಿ ಅಕ್ಕ, ಕುತ್ಕಳ್ರಿ. ಭಾರಿ ಚಲೋ ಐತಿ," ಎಂದು ಓರಗಿತ್ತಿ ಪಕ್ಕದಲ್ಲಿ ಜಾಗ ಮಾಡಿದಳು.

"ಕೆಲಸ ಇದೆ," ಅಂದೆ. ಆದರೆ ಒಳಗೆ ಹೋಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ನಿಂತೇ ನೋಡಿದೆ. ಅವತ್ತಿನಿಂದ ಅದೇ ನನ್ನ ಜಾಗವಾಯಿತು. ಕೂತರೆ ಸೋತ ಹಾಗೆ ಎಂದು ನನಗೆ ನಾನೇ ಒಂದು ನಿಯಮ ಮಾಡಿಕೊಂಡೆ. ಮೂರು ಸೀರಿಯಲ್‌ಗಳನ್ನು ಮೊದಲಿಂದ ಕೊನೆಯವರೆಗೆ ಹಾಗೆ ನಿಂತೇ ನೋಡಿದ್ದೇನೆ, ಒಮ್ಮೊಮ್ಮೆ ಕೈಯಲ್ಲಿ ಸೌಟು, ಒಮ್ಮೊಮ್ಮೆ ಒರೆಸುವ ಬಟ್ಟೆ. ನೋಡಿದವರಿಗೆ ಈಗಷ್ಟೇ ಒಳಗಿಂದ ಬಂದವಳು, ಇನ್ನೇನು ಹೋಗುವವಳು ಅನ್ನಿಸಬೇಕು.

ನಮ್ಮದು ಚಂದ್ರಾ ಲೇಔಟ್‌ನಲ್ಲಿ ಎರಡಂತಸ್ತಿನ ಮನೆ. ಕೆಳಗೆ ನಾನು, ನನ್ನ ಗಂಡ, ಅತ್ತೆ. ಮೇಲೆ ಮೈದುನ ಮತ್ತು ಅವನ ಹೆಂಡತಿ, ಅಂದರೆ ಈ ಓರಗಿತ್ತಿ. ಅವಳು ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ, ಮಧ್ಯಾಹ್ನವೆಲ್ಲ ಬಿಡುವು. ನನಗೆ ಬಿಡುವೆಂಬುದೇ ಇಲ್ಲ. ಅತ್ತೆಗೆ ಮಂಡಿ ಹಿಡಿದುಕೊಂಡು ವರ್ಷಗಳಾದವು. ಅವರಿಗೆ ಸ್ನಾನ ಮಾಡಿಸುವುದು, ಜಡೆ ಹಾಕುವುದು, ಎಣ್ಣೆ ತಿಕ್ಕುವುದು, ಮಾತ್ರೆ ಕೊಡುವುದು, ರಾತ್ರಿ ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು ಎಲ್ಲ ನನ್ನದೇ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಸುಳ್ಳೇಕೆ, ದೊಡ್ಡಸ್ತಿಕೆಗೇ ಹೇಳುತ್ತಿದ್ದೇನೆ.

ನಾನು ಕ್ರೈಸ್ತಳಾಗಿ ಹುಟ್ಟಿದವಳು. ನಮ್ಮ ತಾತನ ತಾತನ ಕಾಲಕ್ಕೇ ನಮ್ಮೂರಲ್ಲಿ ಚರ್ಚಿನ ಗಂಟೆ ಬಾರಿಸುತ್ತಿತ್ತು. ಜಪಸರ ಹಿಡಿದುಕೊಂಡೇ ನಡೆಯಲು ಕಲಿತವಳು ನಾನು. ಭಾನುವಾರ ಚರ್ಚಿನಲ್ಲಿ ಫಾದರ್ ನಡೆಸುವ ಬಲಿಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶದ ಪಾಠ ಹೇಳುವವಳೂ ನಾನೇ. ಓರಗಿತ್ತಿ ಹಾಗಲ್ಲ. ಅವಳು ದಾವಣಗೆರೆಯ ಕಡೆಯ ಲಿಂಗಾಯತರ ಮನೆಯ ಹುಡುಗಿ, ನನ್ನ ಮೈದುನನನ್ನು ಪ್ರೀತಿಸಿ ಮದುವೆಯಾಗಿ ಜ್ಞಾನಸ್ನಾನ ಪಡೆದು ಕ್ರೈಸ್ತಳಾದವಳು. ಪರಲೋಕ ಮಂತ್ರವನ್ನು ಅವಳಿಗೆ ಸಾಲು ಸಾಲಾಗಿ ಬಾಯಿಪಾಠ ಮಾಡಿಸಿದ್ದು ನಾನು. ಪೂಜೆಯಲ್ಲಿ ಎಲ್ಲಿ ಏಳಬೇಕು, ಎಲ್ಲಿ ಮಂಡಿಯೂರಬೇಕು ಎಂದು ಪಕ್ಕದಲ್ಲಿ ನಿಂತು ಮೊಣಕೈಯಲ್ಲಿ ತಿವಿದು ಕಲಿಸಿದ್ದು ನಾನು. ಅವಳ ಜ್ಞಾನಸ್ನಾನದಲ್ಲಿ ಹೆಗಲ ಮೇಲೆ ಕೈಯಿಟ್ಟು ನಿಂತ ಜ್ಞಾನತಾಯಿಯೂ ನಾನೇ. ಮೊದಲ ಬಾರಿ ಬೂದಿ ಬುಧವಾರ ಹಣೆಗೆ ಬೂದಿ ಇಡಿಸಿಕೊಂಡು ಬಂದಾಗ ಮಾತ್ರ ಅವಳು ನನ್ನ ಕಡೆ ತಿರುಗಿ, "ಇದೊಂದು ನಮ್ಮನೀದ ಇದ್ದಂಗ ಐತ್ರಿ ಅಕ್ಕ," ಎಂದು ನಕ್ಕಿದ್ದಳು. ನನಗೂ ಆಗ ಅವಳ ಮೇಲೆ ಮಮತೆ ಉಕ್ಕಿತ್ತು. ಕೈಹಿಡಿದು ನಡೆಸುವವರೆಗೂ ಮಮತೆ ಸುಲಭ, ಅವರು ಮುಂದೆ ಹೋದ ಮೇಲೆಯೇ ಕಷ್ಟ.

ಇನ್ನು ಅತ್ತೆಯ ವಿಷಯ. ಅತ್ತೆ ಪ್ರತಿ ಭಾನುವಾರ ಚರ್ಚಿಗೆ ಬರುತ್ತಾರೆ. ಆದರೆ ಕ್ರಿಸ್ತನ ದೇಹವೆಂದೇ ನಾವು ನಾಲಿಗೆಯ ಮೇಲಿಟ್ಟುಕೊಳ್ಳುವ ಪರಮಪ್ರಸಾದ ಸ್ವೀಕರಿಸುವ ಹೊತ್ತಿಗೆ ಎಲ್ಲರೂ ಎದ್ದು ಸಾಲಾಗಿ ಹೋದರೆ ಅವರು ಬೆಂಚಿನಲ್ಲೇ ಕೂತಿರುತ್ತಾರೆ. ಮಂಡಿನೋವಿಗಲ್ಲ. ಫಾದರ್ ಬೆಂಚಿನ ಹತ್ತಿರವೇ ಬಂದು ಕೊಡುತ್ತೇನೆಂದರೂ ತಲೆಯಾಡಿಸಿಬಿಡುತ್ತಾರೆ. ಅವರಿಗೆ ಕೆಂಗೇರಿಯಲ್ಲಿ ಒಬ್ಬ ಒಡಹುಟ್ಟಿದ ತಂಗಿಯಿದ್ದಾರೆ, ನಮಗೆ ಚಿಕ್ಕತ್ತೆ. ಅವರಿಬ್ಬರಿಗೂ ಮಾತಿಲ್ಲ. ತಾಯಿ ತೀರಿಕೊಂಡ ವರ್ಷದಿಂದ ಮಾತಿಲ್ಲ. ತವರಿನ ಸೈಟು ಹಂಚುವಾಗ ಜಗಳವಾಯಿತೆಂದು ನೆಂಟರೆಲ್ಲ ಹೇಳುತ್ತಾರೆ, ಅತ್ತೆ ಹೌದೆಂದೂ ಅಲ್ಲವೆಂದೂ ಹೇಳುವುದಿಲ್ಲ. ನಾನು ಮದುವೆಯಾದ ಹೊಸತರಲ್ಲಿ ಕೇಳಿದಾಗ ಒಂದೇ ಮಾತು ಹೇಳಿದ್ದರು: "ತಂಗೀನ ಮಾತಾಡಿಸ್ದೇ ಇರೋ ನಾಲಿಗೆ ಮೇಲೆ ದೇವರನ್ನ ಹೆಂಗ್ ಇಟ್ಕೊಳ್ಲಿ? ಅಷ್ಟು ಸುಳ್ಳು ನಂಗೆ ಬರಲ್ಲ ಕಣೇ."

ಆ ಮಾತು ಕೇಳಿದ ದಿನವೇ ನಾನು ಮನಸ್ಸಿನಲ್ಲಿ ಶಪಥ ಮಾಡಿದ್ದೆ. ಇವರನ್ನು ತಂಗಿಯ ಜೊತೆ ಸೇರಿಸುವವಳು ನಾನೇ, ಇವರು ಕೊನೆಗಾಲಕ್ಕೆ ಮುಂಚೆ ಪಾಪನಿವೇದನೆ ಮಾಡಿ ಪ್ರಸಾದ ತೆಗೆದುಕೊಳ್ಳುವುದು ನನ್ನಿಂದಲೇ. ನಾನೇ ಎಂಬುದು ಆ ಶಪಥದ ಮುಖ್ಯ ಭಾಗ. ಅದಕ್ಕಾಗಿ ಎಷ್ಟು ಬೋಧಿಸಿದ್ದೇನೆ! ಸ್ನಾನದ ನೀರು ಹುಯ್ಯುವಾಗ ದುರಾಸೆಯ ಬಗ್ಗೆ, ಎಣ್ಣೆ ತಿಕ್ಕುವಾಗ ಆಸ್ತಿಪಾಸ್ತಿ ಯಾರೂ ಹೊತ್ತುಕೊಂಡು ಹೋಗುವುದಿಲ್ಲ ಎಂಬುದರ ಬಗ್ಗೆ. ಮೂರು ಮಂದಿ ಫಾದರ್‌ಗಳನ್ನು ಬೇರೆ ಬೇರೆ ವರ್ಷ ಮನೆಗೆ ಕರೆಸಿ ಕಾಫಿ ಕೊಟ್ಟಿದ್ದೇನೆ. ಅತ್ತೆ ಅವರೆದುರು ಕೈಮುಗಿದು ಕೂರುತ್ತಾರೆ, ಅವರು ಹೋದ ಮೇಲೆ "ಕಾಫಿಗೆ ಸಕ್ಕರೆ ಕಮ್ಮಿ ಆಗಿತ್ತು" ಅನ್ನುತ್ತಾರೆ.

ಇಂಥ ಮನೆಗೆ ಕೊರಿಯಾ ಬಂದಿತು. ಓರಗಿತ್ತಿಯ ಮೊಬೈಲಿನಿಂದ ಕೆಳಗಿನ ಟಿವಿಗೆ ಬಂದಿತು. ಅವರಾಡುವ ಮಾತು ಯಾರಿಗೂ ಬಾರದು, ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಅತ್ತೆಗೆ ಓದಲು ಬಾರದು. ಹಾಗಾಗಿ ಓರಗಿತ್ತಿಯೇ ಎಲ್ಲರ ಪಾತ್ರವನ್ನೂ ಕನ್ನಡದಲ್ಲಿ ಆಡುತ್ತಿದ್ದಳು. ಕೊರಿಯಾದ ಕಂಪನಿ ಮಾಲೀಕ ದಾವಣಗೆರೆ ಭಾಷೆಯಲ್ಲಿ "ಏನಲೇ, ಆಫೀಸಿಗೆ ಹಿಂಗಾ ಬರದು?" ಎಂದು ಗದರುವನು. ಅವನ ಅಜ್ಜಿ "ಉಂಡೇನಪ್ಪಾ?" ಎಂದು ಕೇಳುವಳು. ಅತ್ತೆಯೂ ಮಧ್ಯೆ ಬಾಯಿ ಹಾಕುವರು: "ಅವ್ನು ಸುಳ್ಳು ಹೇಳ್ತಾವ್ನೆ ಕಣೇ, ಕಿವಿ ನೋಡು ಕೆಂಪಗಾಗಿದೆ." ಇಬ್ಬರೂ ಮಕ್ಕಳಂತೆ ಕಿತ್ತಾಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಮೂಗು ಮುರಿಯುತ್ತಿದ್ದೆ.

ಬರೀ ನಗುವಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅವಳು ಆ ಕಥೆಗಳಲ್ಲಿ ಧರ್ಮ ಹುಡುಕತೊಡಗಿದಳು. ನಮ್ಮ ಬಡಾವಣೆಯ ಕ್ರೈಸ್ತ ಕುಟುಂಬಗಳು ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟಕ್ಕೆ ಸೇರುತ್ತೇವೆ. ಶುಭಸಂದೇಶ ಓದಿದ ಮೇಲೆ ಯಾರಾದರೂ ತಮಗೆ ಹೊಳೆದದ್ದನ್ನು ಹಂಚಿಕೊಳ್ಳಬೇಕು. ಸಾಮಾನ್ಯವಾಗಿ ಎಲ್ಲರೂ ನೆಲ ನೋಡುತ್ತಾ ಕೂರುತ್ತಾರೆ, ಆಮೇಲೆ ನನ್ನ ಕಡೆ ನೋಡುತ್ತಾರೆ, ನಾನು ಗಂಟಲು ಸರಿಮಾಡಿಕೊಂಡು ಶುರುಮಾಡುತ್ತೇನೆ. ಅದೇ ನಡೆದುಬಂದ ಪದ್ಧತಿ. ಆ ವಾರ ದುಂದುಗಾರ ಮಗನ ಸಾಮತಿ ಓದಿದೆವು, ಆಸ್ತಿಯೆಲ್ಲ ಹಾಳುಮಾಡಿ ಮನೆಗೆ ಮರಳಿದ ಮಗನನ್ನು ತಂದೆ ಓಡಿಹೋಗಿ ಅಪ್ಪಿಕೊಳ್ಳುವ ಕಥೆ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು ಶುರುಮಾಡಿಯೇಬಿಟ್ಟಳು.

"ನಾನು ಒಂದು ಕೊರಿಯನ್ ಸೀರಿಯಲ್ ನೋಡ್ತಿದ್ದೆ," ಅಂದಳು. ಯಾರೋ ಕಿಸಕ್ಕೆಂದರು. ಅವಳು ನಿಲ್ಲಿಸಲಿಲ್ಲ. "ಅದ್ರಾಗ ಮಗ ಮನಿ ಬಿಟ್ಟು ಹೋಗಿರ್ತಾನ. ತಾಯಿ ದಿನಾ ರಾತ್ರಿ ಒಂದು ಬಟ್ಲು ಅನ್ನ ಮುಚ್ಚಿ, ಬೆಚ್ಚಗ ಹೊದಿಕಿ ಕೆಳಗ ಇಟ್ಟಿರ್ತಾಳ. ಬರಲಿ ಬಿಡ್ಲಿ, ದಿನಾ ಇಡ್ತಾಳ. ಮುಂಜಾನಿ ತಣ್ಣಗಾದ ಅನ್ನ ತಾನೇ ಉಣ್ತಾಳ. ನಂಗೆ ಈ ಸಾಮತಿ ಮೊದ್ಲು ತಿಳೀತಿರ್ಲಿಲ್ಲ. ಮಗ ಅಷ್ಟು ದೂರದಾಗ ಇರುವಾಗ್ಲೇ ಅಪ್ಪಗ ಹೆಂಗ ಕಾಣ್ತು ಅಂತ. ಅಪ್ಪ ದಿನಾ ದಾರಿ ನೋಡ್ತಿದ್ದ, ಅದಕ್ಕ ಕಾಣ್ತು. ತಣ್ಣನ ಅನ್ನ ಉಣ್ತಿದ್ದ ಅವನೂ."

ಮಗ ಮುನಿಸಿಕೊಂಡು ಬೇರೆ ಹೋಗಿದ್ದ ಒಬ್ಬ ಆಂಟಿ ಬಿಕ್ಕತೊಡಗಿದರು. ನಾನು ಅದೇ ಸಾಮತಿಯನ್ನು ಮಕ್ಕಳಿಗೆ ಎಷ್ಟು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಆ ಮಗ ಕೊನೆಗೆ ಹಂದಿ ಕಾಯಬೇಕಾಗಿ ಬಂದದ್ದು ಆ ಕಾಲದ ಯೆಹೂದ್ಯರಿಗೆ ಎಷ್ಟು ದೊಡ್ಡ ಅವಮಾನ ಎಂಬುದನ್ನು ವಿವರಿಸಿ ವಿವರಿಸಿ ಹೇಳುತ್ತೇನೆ. ಯಾವ ಮಗುವೂ ಈವರೆಗೆ ಬಿಕ್ಕಿದ್ದಿಲ್ಲ. ಅವಳು ಹೇಳಿದ್ದು ನಿಜ, ಅದು ನನಗೆ ಹೊಳೆದಿರಲಿಲ್ಲ, ಅದಕ್ಕೇ ನನಗೆ ಅಷ್ಟು ಉರಿಯಿತು. ತಪ್ಪು ಹೇಳಿದ್ದರೆ ಪ್ರೀತಿಯಿಂದ ತಿದ್ದುತ್ತಿದ್ದೆ.

ಮುಂದಿನ ಭಾನುವಾರ ಫಾದರ್ ಪ್ರಬೋಧನೆಯಲ್ಲಿ ಕಿವಿಗೆ ಬಿದ್ದಿದ್ದ ಆ ಅನ್ನದ ಬಟ್ಟಲಿನ ಕಥೆಯನ್ನು ಎತ್ತಿಕೊಂಡರು. "ನಮ್ಮದೇ ಧರ್ಮಕೇಂದ್ರದ ಒಬ್ಬ ಸಹೋದರಿ ಹೇಳಿದ ಹಾಗೆ" ಎಂದರು. ಬೆಂಚುಗಳೆಲ್ಲ ತಿರುಗಿ ನಮ್ಮ ಸಾಲನ್ನು ನೋಡಿದವು. ಒಬ್ಬಿಬ್ಬರು ನನ್ನನ್ನೇ ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದರು, ಇಂಥ ಮಾತು ನನ್ನದೇ ಇರಬೇಕು ಎಂದುಕೊಂಡು. ನಾನೂ ತಲೆಯಾಡಿಸಿದೆ. ಪಕ್ಕದಲ್ಲಿದ್ದ ಅತ್ತೆ ಮಾತ್ರ ಓರಗಿತ್ತಿಯ ತೊಡೆ ತಟ್ಟಿದರು.

ಅಲ್ಲಿಂದ ಅವಳಿಗೆ ಅದೊಂದು ಕಸುಬೇ ಆಯಿತು. ಹೇಳಬೇಕಾದ ಮಾತು ಹೇಳದೆ ಸತ್ತು ಊರಲ್ಲೇ ಅಲೆಯುವ ದೆವ್ವ ಕಂಡರೆ, ಸತ್ತವರ ಆತ್ಮಗಳಿಗಾಗಿ ನಾವು ಯಾಕೆ ಪ್ರಾರ್ಥಿಸುತ್ತೇವೆ ಎಂದು ಹೇಳುವಳು. ಯಾರದೋ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುವ ಡ್ರೈವರ್ ಕಂಡರೆ ಶಿಲುಬೆ ಹಾದಿ ಎನ್ನುವಳು. ಚರ್ಚಿನ ಹೊರಗೆ ಮಕ್ಕಳೆಲ್ಲ ಅವಳ ಸುತ್ತ. "ಆಂಟಿ, ಇದು ನೋಡಿದ್ರಾ? ಆಂಟಿ, ಅದು ನೋಡಿ." ನನ್ನ ಮಕ್ಕಳು, ನನ್ನ ತರಗತಿಯ ಮಕ್ಕಳು.

ಅವಳಿಗೆ ಬರುವುದು ನನಗೆ ಬಾರದೇ ಎಂದು ನಾನೂ ಒಂದು ಕೈ ನೋಡಿದೆ. ಗಂಡನ ಮೊಬೈಲಿನಲ್ಲಿ ಒಂದು ಕೊರಿಯನ್ ಸೀರಿಯಲ್ ಹಾಕಿ ಮೊದಲ ಎಪಿಸೋಡು ನೋಡಿದೆ. ಅದರಲ್ಲಿ ಒಬ್ಬ ಸೊಸೆ, ಬಿಳಿ ಬಟ್ಟೆ, ತಗ್ಗಿಸಿದ ಕಣ್ಣು. ಅತ್ತೆ ಬೈದರೂ ನಗುತ್ತಾ ಸೂಪು ಬಡಿಸುತ್ತಾಳೆ, ಗಂಡ ತಟ್ಟೆ ನೂಕಿದರೂ ಮತ್ತೆ ಬಡಿಸುತ್ತಾಳೆ. ನನ್ನನ್ನೇ ನೋಡಿದಂತಾಯಿತು. ಒಂದು ಎಪಿಸೋಡು ಸಾಕು ಅಂದುಕೊಂಡು ಭಾನುವಾರ ತರಗತಿಯಲ್ಲಿ ಸಹನೆ ಎಂಬ ಸದ್ಗುಣಕ್ಕೆ ಅವಳನ್ನೇ ಉದಾಹರಣೆ ಕೊಟ್ಟೆ. "ಈ ತಾಯಿಯ ಹಾಗೆ ಮೌನವಾಗಿ ಸೇವೆ ಮಾಡಬೇಕು" ಎಂದೆ. ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ಹಿಂದಿನ ಬೆಂಚಿನಲ್ಲಿ ನಗು ಶುರುವಾಯಿತು. ಕೊನೆಗೆ ಮುಂದೆ ಕೂತಿದ್ದ ಒಂದು ಹುಡುಗಿ ಪಾಪ, ನನ್ನ ಮೇಲಿನ ಕನಿಕರದಿಂದಲೇ ಎದ್ದು ನಿಂತಳು.

"ಟೀಚರ್, ಆ ಸೂಪಲ್ಲಿ ವಿಷ ಇರುತ್ತೆ. ಇಡೀ ಫ್ಯಾಮಿಲಿನ ಅವ್ರೇ ಒಬ್ಬೊಬ್ರಾಗಿ ಸಾಯ್ಸೋದು. ನೀವು ಪೂರ್ತಿ ನೋಡಿಲ್ವಾ?"

ತರಗತಿ ಮುಗಿಸಿ ಹೊರಗೆ ಬಂದರೆ ಇನ್ನೊಬ್ಬಳು ಓಡಿಬಂದು, "ಟೀಚರ್, ನೆಕ್ಸ್ಟ್ ವೀಕ್ ಮನೆಯಿಂದ ಆ ಆಂಟಿನ ಕಳಿಸ್ತೀರಾ?" ಎಂದು ಕೇಳಿದಳು. ಆಗಲಿ ನೋಡೋಣ ಎಂದೆ. ಮನೆಗೆ ಬಂದು ಯಾರಿಗೂ ಹೇಳಲಿಲ್ಲ, ಆದರೆ ಮಧ್ಯಾಹ್ನದ ಹೊತ್ತಿಗೆ ಅತ್ತೆಗೆ ಗೊತ್ತಿತ್ತು. ಊಟಕ್ಕೆ ಕೂತು ಸಾರನ್ನು ಒಮ್ಮೆ ಮೂಸಿ ನೋಡಿ, ಓರಗಿತ್ತಿಯ ಕಡೆ ನೋಡಿದರು. ಇಬ್ಬರೂ ನಗು ತಡೆದುಕೊಂಡರು. ನನಗೆ ಮೈಯೆಲ್ಲ ಪರಚಿಕೊಳ್ಳುವಂತಾಯಿತು.

ಅಷ್ಟರಲ್ಲಿ ತಪಸ್ಸು ಕಾಲ ಹತ್ತಿರ ಬಂತು. ಈಸ್ಟರ್‌ಗೆ ಮುಂಚಿನ ಆ ನಲವತ್ತು ದಿನ ನಾವು ಮಾಂಸ, ಮದುವೆ, ಮೋಜು ಎಲ್ಲ ಬಿಡುತ್ತೇವೆ. ಬೂದಿ ಬುಧವಾರದ ಹಿಂದಿನ ಸಂಜೆ ಮನೆಯವರೆಲ್ಲ ಜಪಸರಕ್ಕೆ ಸೇರಿದ್ದಾಗ ನಾನು ಮೆಲ್ಲಗೆ, ಎಲ್ಲರ ಆತ್ಮದ ಒಳಿತಿಗಾಗಿ ಹೇಳುವ ದನಿಯಲ್ಲಿ, "ಈ ಸಲ ಮಾಂಸದ ಜೊತೆ ಸೀರಿಯಲ್ಲೂ ಬಿಡೋಣ. ಅದೂ ಒಂದು ಚಟಾನೇ ಅಲ್ವಾ?" ಅಂದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಧರ್ಮದ ಮಾತಿಗೆ ಬೇಡ ಅನ್ನುವವರು ಯಾರು?

"ಕ್ರಿಕೆಟ್ ಸೀರಿಯಲ್ ಅಲ್ವಲ್ಲ?" ಎಂದು ಖಚಿತಪಡಿಸಿಕೊಂಡು ನನ್ನ ಗಂಡ ಒಪ್ಪಿದರು. ಓರಗಿತ್ತಿ "ಆಗ್ಲಿ ಬಿಡ್ರಿ ಅಕ್ಕ" ಅಂದಳು. ಶನಿವಾರದವರೆಗೂ ಮಧ್ಯಾಹ್ನಗಳು ತಣ್ಣಗಿದ್ದವು. ಅತ್ತೆ ಆರಿಸಿದ ಟಿವಿಯ ಮುಂದೆ ಜಪಸರ ಹಿಡಿದು ಕೂತಿರುತ್ತಿದ್ದರು. ನಾನು ಹತ್ತಿರ ಕೂತು ಸಂತರ ಜೀವನದ ಕಥೆ ಓದಿ ಹೇಳಿದೆ. ಅವರು ನಿದ್ದೆ ಹೋದರು. ಆದರೂ ಗೆದ್ದಿದ್ದೆನಲ್ಲ, ಹಾಯೆನಿಸಿತು.

ಭಾನುವಾರ ಪೂಜೆ ಮುಗಿಸಿ ಬಂದು ಅಡುಗೆಮನೆಯಲ್ಲಿದ್ದೆ. ಹಾಲ್‌ನಿಂದ ಕೊರಿಯಾದ ಹಾಡು. ಸೌಟು ಹಿಡಿದೇ ಧಾವಿಸಿದೆ.

"ಇದೇನು! ತಪಸ್ಸು ಕಾಲ ಅಲ್ವಾ?"

"ಇವತ್ತು ಭಾನುವಾರ ಅಲ್ಲೇನ್ರಿ ಅಕ್ಕ," ಅಂದಳು ಓರಗಿತ್ತಿ, ಒಂದಿಷ್ಟೂ ಕೊಂಕಿಲ್ಲದೆ. "ಭಾನುವಾರ ಪುನರುತ್ಥಾನದ ದಿನ, ನಲವತ್ತರ ಲೆಕ್ಕಕ್ಕ ಬರಲ್ಲ, ಅವತ್ತು ಉಪವಾಸ ಇಲ್ಲ. ನೀವೇ ಹೇಳಿಕೊಟ್ಟಿದ್ರಲ್ಲ, ನಂಗೆ ಜ್ಞಾನಸ್ನಾನಕ್ಕಿಂತ ಮುಂಚೆ?"

ಗುರುವಿಗೇ ತಿರುಮಂತ್ರ. ಹೇಳಿಕೊಟ್ಟಿದ್ದೆ, ನಿಜ. ಅತ್ತೆ ಒಳ್ಳೆ ವಿದ್ಯಾರ್ಥಿನಿಯಂತೆ ತಲೆಯಾಡಿಸುತ್ತಿದ್ದರು. ವಾರವೆಲ್ಲ ಬಿಟ್ಟು ಭಾನುವಾರ ಮಾತ್ರ ನೋಡುವುದರಿಂದ ಅದರ ರುಚಿ ಇನ್ನೂ ಹೆಚ್ಚಿತು. ಹಬ್ಬದೂಟಕ್ಕೆ ಕಾಯುವ ಹಾಗೆ ಕಾಯುತ್ತಿದ್ದರು ಇಬ್ಬರೂ. ನಾನು ನಿಲ್ಲಿಸಲು ಹೋಗಿ ಹಬ್ಬ ಮಾಡಿಕೊಟ್ಟಿದ್ದೆ.

ಆ ತಪಸ್ಸು ಕಾಲದ ಕಥೆ ಇಬ್ಬರು ಅಕ್ಕತಂಗಿಯರದು. ಸಮುದ್ರದ ದಂಡೆಯ ಒಂದು ಊರಿನಲ್ಲಿ ಅವರ ತಾಯಿಯ ಚಿಕ್ಕ ಹೋಟೆಲು. ತಾಯಿಗೆ ಕಾಯಿಲೆಯಾದ ಮೇಲೆ ಹೋಟೆಲನ್ನೂ ತಾಯಿಯನ್ನೂ ನೋಡಿಕೊಳ್ಳುವವಳು ಅಕ್ಕ. ತಂಗಿ ದೊಡ್ಡ ಊರಿನಲ್ಲಿ ಇರುತ್ತಾಳೆ, ಎಂದಾದರೊಮ್ಮೆ ಒಳ್ಳೆ ಕೋಟು ಹಾಕಿಕೊಂಡು ಬಂದು ತಾಯಿಯನ್ನು ನಗಿಸಿ ಹೋಗುತ್ತಾಳೆ. ಈಸ್ಟರ್‌ಗೆ ಇನ್ನೆರಡು ವಾರವಿದ್ದಾಗ, ಗರಿಗಳ ಭಾನುವಾರದ ಹಿಂದಿನ ಭಾನುವಾರ, ನನ್ನ ಬಾಗಿಲಲ್ಲಿ ನಾನು ನಿಂತಿದ್ದೆ. ಟಿವಿಯಲ್ಲಿ ಅಕ್ಕ ತಾಯಿಯ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ಗಂಜಿ ಕುಡಿಸುತ್ತಿದ್ದಳು. ತಾಯಿ ಬಾಯಿ ತೆರೆಯುತ್ತಾಳೆ, ಆದರೆ ಕಣ್ಣು ಬಾಗಿಲ ಕಡೆಗೆ. ಏನೋ ಕೇಳಿದಳು.

"'ಸಣ್ಣಾಕಿ ಬಂದ್ಲೇನು?' ಅಂತ ಕೇಳ್ತಾಳ," ಎಂದಳು ಓರಗಿತ್ತಿ. ಅಕ್ಕ ಇಲ್ಲವೆಂದಳು. ಇನ್ನೊಂದು ಚಮಚ. ತಾಯಿ ಮತ್ತೆ ಅದನ್ನೇ ಕೇಳಿದಳು. ಅಕ್ಕ ಚಮಚವನ್ನು ಬಟ್ಟಲಲ್ಲಿಟ್ಟು ಎದ್ದು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತಳು. ಅಳಲೂ ಇಲ್ಲ. ಓರಗಿತ್ತಿ ಮೂಗು ಎಳೆದುಕೊಂಡು, "ನೋಡ್ರಿ ಅತ್ತಿ, ಇದ್ರಾಗೂ ಒಂದು ಪಾಠ ಐತಿ," ಎಂದು ಶುರುಮಾಡಿದಳು.

"ನೀನು ಸ್ವಲ್ಪ ಸುಮ್ನಿರು," ಅಂದರು ಅತ್ತೆ. "ಆರಿಸು ಅದನ್ನ."

ಅವಳು ಗಾಬರಿಯಾಗಿ ಆರಿಸಿದಳು. ಅತ್ತೆ ಸೋಫಾದಲ್ಲಿ ಕಷ್ಟಪಟ್ಟು ತಿರುಗಿ ಅಡುಗೆಮನೆಯ ಬಾಗಿಲ ಕಡೆ, ನನ್ನ ಕಡೆ, ನೋಡಿದರು. ತುಂಬ ಹೊತ್ತು ನೋಡಿದರು. "ಕಾಲು ನೋಯಲ್ವೇನೇ ನಿಂಗೆ?" ಎಂದು ಕೇಳಿದರು. ನಾನು ಕೆಲಸವಿದೆ ಎಂದು ಒಳಗೆ ಹೋದೆ.

ಮಾರನೇ ಬೆಳಿಗ್ಗೆ ಸ್ನಾನ ಮಾಡಿಸಿ ತಲೆ ಒರೆಸುವಾಗ ಅತ್ತೆ, "ಕೆಂಗೇರಿಗೆ ಹೋಗ್ಬೇಕು. ಇವತ್ತೇ. ನನ್ನ ತಂಗಿ ಮನೇಗೆ," ಅಂದರು. ನನ್ನ ಕೈ ಟವೆಲ್ಲಿನಲ್ಲೇ ನಿಂತಿತು. ಇಷ್ಟು ವರ್ಷ ಯಾವುದಕ್ಕಾಗಿ ಜಪಸರ ಹೇಳಿದೆನೋ ಆ ಮಾತು. ಸಂತೋಷವಾಗಬೇಕಿತ್ತು. ಅದರ ಬದಲು ಮೊದಲು ಬಂದ ಯೋಚನೆ: ಮುಗಿಯಿತು, ಇದೂ ಅವಳದೇ ಆಯಿತು. ನನ್ನ ಬೋಧನೆಯೆಲ್ಲ ಬಚ್ಚಲಿನ ನೀರಿನ ಜೊತೆ ಹರಿದುಹೋಯಿತು, ಒಂದು ಹೋಟೆಲಿನ ಕಥೆ ಗೆದ್ದಿತು. ಮುಂದಿನ ಕೂಟದಲ್ಲಿ ಅವಳು ಇದನ್ನು ಹೇಳುತ್ತಾಳೆ, ಫಾದರ್ ಪ್ರಬೋಧನೆಯಲ್ಲಿ ಹೇಳುತ್ತಾರೆ.

"ಅವಳನ್ನ ಕರೀಲಾ? ಅವಳ ಜೊತೆ ಹೋಗ್ತೀರಾ?" ಎಂದೆ. ನನ್ನ ದನಿ ನನಗೇ ಹುಳಿಯಾಗಿ ಕೇಳಿಸಿತು.

"ಅವಳ್ಯಾಕೆ? ನೀನು ಬಾ."

ಸೀರೆ ಉಟ್ಟುಕೊಂಡು ಮೆಟ್ಟಿಲ ಹತ್ತಿರ ನಿಂತು, ಮೇಲೆ ಬಟ್ಟೆ ಒಣಹಾಕುತ್ತಿದ್ದ ಓರಗಿತ್ತಿಗೆ ಕೇಳುವ ಹಾಗೆ ಕೂಗಿದೆ: "ನಾನು ಅತ್ತೆ ಕೆಂಗೇರಿಗೆ ಹೋಗ್ತಾ ಇದೀವಿ. ಚಿಕ್ಕತ್ತೆ ಮನೆಗೆ. ನನ್ನೇ ಬಾ ಅಂದ್ರು." ಅವಳು ಕೈಯಲ್ಲಿದ್ದ ಬಟ್ಟೆ ಬಿಟ್ಟು ಕೆಳಗೆ ಓಡಿಬಂದಳು. ಅತ್ತೆಯ ಕಾಲಿಗೆ ಚಪ್ಪಲಿ ತೊಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು, ಬರೀ ಸಂತೋಷದ್ದು. ಹುಡುಕಿದೆ, ಅದರಲ್ಲಿ ಅಸೂಯೆ ಇರಲಿಲ್ಲ. ಇದ್ದಿದ್ದರೆ ನನಗೆಷ್ಟು ಸಮಾಧಾನವಾಗುತ್ತಿತ್ತು.

ಆಟೋ ನಾಗರಭಾವಿ ದಾಟಿತು. ಅತ್ತೆ ಹೊರಗೆ ನೋಡುತ್ತಲೇ ಶುರುಮಾಡಿದರು.

"ನೀನು ಇಷ್ಟು ವರ್ಷ ದುರಾಸೆ ದುರಾಸೆ ಅಂತ ಪಾಠ ಮಾಡ್ದೆ. ನಂಗೆ ಸೈಟಿನ ಆಸೆ ಇರ್ಲಿಲ್ಲ ಕಣೇ. ನಮ್ಮಮ್ಮ ಕೊನೇಲಿ ನನ್ನ ಹತ್ರ ಇದ್ಲು. ನಾನೇ ಮೈ ತೊಳೆದೆ, ನಾನೇ ತಿನ್ನಿಸ್ದೆ. ಇವ್ಳು ಹಬ್ಬಕ್ಕೋ ಹುಣ್ಣಿಮೆಗೋ ಬರೋಳು, ಒಂದು ಕಿತ್ತಳೆ ಹಣ್ಣು ಸುಲಿದು ಕೊಟ್ಟು ನಗ್ಸಿ ಹೋಗೋಳು. ಅಮ್ಮ ಸಾಯೋ ದಿನ ನನ್ನ ತೊಡೆ ಮೇಲೆ ತಲೆ ಇಟ್ಕೊಂಡು, 'ಚಿಕ್ಕೋಳು ಬಂದ್ಲಾ, ಚಿಕ್ಕೋಳು ಬಂದ್ಲಾ' ಅಂತಾನೇ ಪ್ರಾಣ ಬಿಟ್ಲು. ನನ್ನ ಹೆಸ್ರು ಒಂದ್ಸಲ ಹೇಳ್ಲಿಲ್ಲ. ಇದನ್ನ ಯಾರ ಹತ್ರ ಹೇಳ್ಲಿ? ಸೈಟಿಗೆ ಜಗಳ ಅಂದ್ರೆ ಜನಕ್ಕೆ ಅರ್ಥ ಆಗುತ್ತೆ. ಹೊಟ್ಟೆಕಿಚ್ಚು ಅಂದ್ರೆ ನಗ್ತಾರೆ."

ನಾನು ಅವರ ಕೈ ಹಿಡಿದುಕೊಂಡೆ. ಬೋಧಿಸಲು ಏನೂ ಉಳಿದಿರಲಿಲ್ಲ.

"ನಿನ್ನೆ ಆ ಸೀರಿಯಲ್ಲಲ್ಲಿ ಆ ಹುಡುಗಿ ಹೋಗಿ ಗೋಡೆಗೆ ಒರಗಿ ನಿಂತ್ಕೊಂಡ್ಲಲ್ಲ," ಎಂದರು ಅತ್ತೆ, "ತಿರುಗಿ ನೋಡಿದ್ರೆ ನೀನು ಹಂಗೇ ನಿಂತಿದ್ದೆ. ನಂಗೆ ಜೀವ ಹಾರಿಹೋಯ್ತು. ಇಷ್ಟು ದಿನ ನಾನು ಆ ಅಕ್ಕ ಅಂದ್ಕೊಂಡು ನೋಡ್ತಿದ್ದೆ. ನಾನು ಆ ಮುದುಕಿ ಕಣೇ. ನಾನು ನಮ್ಮಮ್ಮನೇ ಆಗ್ಬಿಟ್ಟಿದೀನಿ. ನಿನ್ನ ಓರಗಿತ್ತಿ ಜೊತೆ ನಗ್ತೀನಿ, ನಿನ್ನ ಕೈಲಿ ತಿಂತೀನಿ. ಅದಕ್ಕೇ ನಿನ್ನ ಕರ್ಕೊಂಡು ಬಂದೆ. ಅವ್ಳಿಗೆ ಇದೆಲ್ಲ ತಿಳಿಯಲ್ಲ. ಅವ್ಳ ಮನಸಲ್ಲಿ ಅದು ಇಲ್ಲ. ನಿನ್ನಲ್ಲಿದೆ, ನನ್ನಲ್ಲಿದೆ."

ನನ್ನ ಸೇವೆಯನ್ನು ಮೆಚ್ಚಿ ಕರೆದುಕೊಂಡು ಬಂದಿದ್ದಾರೆ ಎಂದುಕೊಂಡಿದ್ದೆ. ನನ್ನ ಹೊಟ್ಟೆಕಿಚ್ಚು ನೋಡಿ ಕರೆತಂದಿದ್ದರು. ಅವಮಾನವಾಯಿತು. ಅದರ ಹಿಂದೆಯೇ ಅಳುವೂ ಬಂತು, ಯಾಕೆಂದರೆ ಇಷ್ಟು ವರ್ಷದಲ್ಲಿ ಅವರು ನನ್ನನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಆಟೋದವನು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿ, "ಆಸ್ಪತ್ರೆಗಾ ಆಂಟಿ?" ಎಂದು ಕೇಳಿದ. ಅಲ್ಲಪ್ಪಾ, ನೆಂಟರ ಮನೆಗೆ ಎಂದೆ.

ಕೆಂಗೇರಿ ಉಪನಗರದಲ್ಲಿ ಚಿಕ್ಕತ್ತೆಯ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಬಾಗಿಲ ಮೇಲೆ ಶಿಲುಬೆಯಿದ್ದ ಮನೆ ಆ ರಸ್ತೆಯಲ್ಲಿ ಅದೊಂದೇ. ಅತ್ತೆಯನ್ನು ಹಿಡಿದು ಮೆಟ್ಟಿಲು ಹತ್ತಿಸಿದೆ. ಬಾಗಿಲ ಮುಂದೆ ಅವರು ಉಸಿರು ತೆಗೆದುಕೊಳ್ಳಲು ನಿಂತರು.

"ಒಂದು ಮಾತು ಕೇಳ್ತೀನಿ, ನಿಜ ಹೇಳು," ಅಂದರು. "ನಿಂಗೆ ಓರಗಿತ್ತಿ ಮೇಲಿನ ಹೊಟ್ಟೆಕಿಚ್ಚು ಈಗ ಹೋಯ್ತಾ?"

ಶಿಲುಬೆಯ ಕೆಳಗೆ ನಿಂತಿದ್ದೆ. ಹೋಯಿತು ಎನ್ನಲು ಬಾಯಿ ತೆರೆದೆ. ಮೆಟ್ಟಿಲ ಬಳಿ ನಾನು ಕೂಗಿ ಹೇಳಿದ್ದು, ಅವಳ ಕಣ್ಣಲ್ಲಿ ಅಸೂಯೆ ಹುಡುಕಿದ್ದು ಎಲ್ಲ ನೆನಪಾಯಿತು.

"ಇಲ್ಲ ಅತ್ತೆ."

"ನಂದೂ ಹೋಗಿಲ್ಲ," ಅಂದರು. "ಬೆಲ್ ಒತ್ತು."

ಒತ್ತಿದೆ. ಒಳಗೆ ವಾಕರ್ ನೆಲಕ್ಕೆ ತಾಗುವ ಸದ್ದು ನಿಧಾನವಾಗಿ ಹತ್ತಿರ ಬಂತು. ಬಾಗಿಲು ತೆರೆದ ಚಿಕ್ಕತ್ತೆ ಫೋಟೋದಲ್ಲಿ ನೋಡಿದ್ದಕ್ಕಿಂತ ಅರ್ಧವಾಗಿದ್ದರು. ಅಕ್ಕನ ಮುಖವನ್ನು ಅವರು ನೋಡಲಿಲ್ಲ. ಅಕ್ಕನ ತೋಳನ್ನು ಹಿಡಿದಿದ್ದ ನನ್ನ ಕೈಯನ್ನು ನೋಡಿದರು, ಅಲ್ಲಿಂದ ಕಣ್ಣು ತೆಗೆಯಲಿಲ್ಲ.

"ಸೊಸೆ ಕೈ ಹಿಡ್ಕೊಂಡು ಕರ್ಕೊಂಡ್ ಬಂದ್ಲಾ?" ಅಂದರು. ದನಿಯಲ್ಲಿ ಅಳುವಿತ್ತು, ಸಿಟ್ಟೂ ಇತ್ತು. "ನಿಂಗೇನು ಬಿಡಕ್ಕ. ಅಮ್ಮನೂ ಕೊನೇವರೆಗೂ ನಿನ್ನ ಹತ್ರಾನೇ ಇದ್ಲು. ನನ್ನ ಮನೇಗೆ ಬಾ ಅಂತ ಎಷ್ಟು ಕರೆದೆ, ಬರಲೇ ಇಲ್ಲ. 'ದೊಡ್ಡೋಳನ್ನ ಬಿಟ್ಟು ನಾನಿರಲ್ಲ' ಅಂದ್ಬಿಟ್ಲು. ಎಲ್ಲಾ ನಿಂಗೇ ಸಿಕ್ತು."

ಅತ್ತೆ ಹೊಸ್ತಿಲಾಚೆ ಇಟ್ಟಿದ್ದ ಕಾಲನ್ನು ಹಾಗೇ ನಿಲ್ಲಿಸಿ, ಏನೂ ಗೊತ್ತಾಗದ ಮಗುವಿನ ಹಾಗೆ ತಂಗಿಯ ಮುಖ ನೋಡಿದರು.

"ನಂಗಾ?" ಅಂದರು.